ತೆರಿಗೆ ಬೇಡವೆನ್ನುವ ಮುನ್ನ



ನಮ್ಮ ವಯನಾಡಿನಲ್ಲಿ ಚಹಾದಂಗಡಿಯಲ್ಲಿ ಕುಳಿತರೂ, ಮದುವೆಮನೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುವುದುಂಟು. “ಪಂಚಾಯತಿನ ಕಟ್ಟಡ ತೆರಿಗೆ ನಮಗೇಕೆ? ಎಲ್ಲರೂ ಸಹಿ ಹಾಕಿ ಅರ್ಜಿ ಕೊಟ್ಟು ಇದನ್ನು ತೆಗೆಸಿಬಿಡೋಣ.” ಈ ಸಿಟ್ಟಿಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. 2023ರ ಏಪ್ರಿಲ್‌ನಿಂದ ಈ ತೆರಿಗೆ ವರ್ಷಕ್ಕೆ ಶೇಕಡಾ 5ರಂತೆ ಏರುವ ಹಾಗೆ ಮಾಡಲಾಯಿತು. 2025ರ ರಾಜ್ಯ ಬಜೆಟ್ಟಿನಲ್ಲಿ ಭೂಕಂದಾಯವೂ ಶೇಕಡಾ 50 ಹೆಚ್ಚಿತು. ಕರಿಮೆಣಸಿನ ಬಳ್ಳಿಗೆ ರೋಗ, ಗದ್ದೆಗೆ ಆನೆ. ಹೀಗಿರುವಾಗ ರಸೀದಿ ಕಂಡರೆ ಯಾರಿಗಾದರೂ ಮೈ ಉರಿಯುತ್ತದೆ.

ತೆರಿಗೆಯ ವಿರುದ್ಧ ಎದ್ದು ನಿಲ್ಲುವುದು ಈ ಮಣ್ಣಿಗೆ ಹೊಸದಲ್ಲ. ಕಂಪನಿ ಸರಕಾರ ಕಂದಾಯವನ್ನು ಹಣದ ರೂಪದಲ್ಲಿಯೇ ಕೊಡಬೇಕೆಂದು ಹಿಂಸಿಸಿದಾಗ, 1812ರಲ್ಲಿ ಇಲ್ಲಿಯ ಕುರಿಚ್ಯರೂ ಕುರುಮರೂ ಬಿಲ್ಲು ಹಿಡಿದರು. ಕನ್ನಡನಾಡಿನ ಅಂಕೋಲೆ, ಸಿದ್ದಾಪುರಗಳ ರೈತರು 1930ರ ದಶಕದಲ್ಲಿ ಕರ ಕೊಡದೆ ಮನೆಮಾರು ಕಳೆದುಕೊಂಡರು. ಅವರು ಮಾಡಿದ್ದು ನ್ಯಾಯವೇ. ಏಕೆಂದರೆ ಅವರು ಕೊಟ್ಟ ಹಣದ ಲೆಕ್ಕ ಕೇಳುವ ಹಕ್ಕು ಅವರಿಗಿರಲಿಲ್ಲ. ಆ ಹಕ್ಕು ಇಂದು ನಮಗಿದೆ. ಆದುದರಿಂದ ಅಂದಿನ ಆಯುಧವನ್ನೇ ಇಂದೂ ಎತ್ತುವ ಮೊದಲು ಸ್ವಲ್ಪ ಯೋಚಿಸಬೇಕು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಮೆಟ್ರಿಕ್ ಮಾತ್ರ. ಆದರೆ ಲೆಡ್ಜರಿಗೆ ಎರಡು ಬದಿಗಳಿವೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಜಮೆಯ ಬದಿ ಹೊಡೆದುಹಾಕಿದರೆ ಖರ್ಚಿನ ಬದಿಯೂ ತಾನಾಗಿ ಖಾಲಿಯಾಗುತ್ತದೆ. ಬೀದಿದೀಪ, ಗ್ರಾಮದ ರಸ್ತೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಹಾಸಿಗೆ ಹಿಡಿದವರ ಮನೆಗೆ ಬರುವ ಪಾಲಿಯೇಟಿವ್ ನರ್ಸ್, ಇವೆಲ್ಲ ಪಂಚಾಯತಿನ ಹೊಣೆ. ರಾಜ್ಯದಿಂದ ಯೋಜನೆಯ ಹಣ ಬರುತ್ತದೆ, ನಿಜ. ಆದರೆ ಅದನ್ನು ಇಂತಿಂಥದಕ್ಕೇ ಖರ್ಚು ಮಾಡಬೇಕೆಂಬ ಕಟ್ಟುಪಾಡೂ ಜೊತೆಗೇ ಬರುತ್ತದೆ. ನಮ್ಮ ವಾರ್ಡಿನ ಅವಸರಕ್ಕೆ ಕೈಯಲ್ಲಿ ಉಳಿಯುವುದು ಪಂಚಾಯತಿನ ಸ್ವಂತ ವರಮಾನ. ಅದರಲ್ಲಿ ಕಟ್ಟಡ ತೆರಿಗೆ ಬಹು ಮುಖ್ಯವಾದದ್ದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. 2023ರಲ್ಲಿ 60 ಚದರ ಮೀಟರಿಗಿಂತ ಚಿಕ್ಕದಾದ ವಾಸದ ಮನೆಗೆ ಈ ತೆರಿಗೆಯಿಂದ ವಿನಾಯಿತಿ ಕೊಡಲಾಯಿತು. ಅಂದರೆ ನಮ್ಮ ಕಾಲೊನಿಗಳ ಚಿಕ್ಕ ಮನೆಯವರಿಗೆ, ತೋಟದ ಕೂಲಿಯವರಿಗೆ ತೆರಿಗೆ ರದ್ದಾದರೂ ಉಳಿತಾಯವೇನೂ ಇಲ್ಲ. ಉಳಿತಾಯವೆಲ್ಲ ದೊಡ್ಡ ಬಂಗಲೆಗೆ, ಗುಡ್ಡದ ಮೇಲಿನ ರಿಸಾರ್ಟಿಗೆ. ಆದರೆ ದೀಪ ಆರಿದಾಗ ಕತ್ತಲೆಯಲ್ಲಿ ಕಾಡಂಚಿನ ದಾರಿ ಹಿಡಿದು ನಡೆಯುವವರು ಯಾರು? ಆ ಚಿಕ್ಕ ಮನೆಯವರೇ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ. ಇಂಥ ಅರ್ಜಿಗೆ ಬಡವನ ಸಹಿ ಕೇಳುವುದು ಯಾವ ನ್ಯಾಯ?

ಇದು ಬರಿಯ ಊಹೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಜನರೇ ಸಹಿ ಸಂಗ್ರಹಿಸಿ, ಒಂದು ಪ್ರಶ್ನೆಯನ್ನು ನೇರವಾಗಿ ಮತಕ್ಕೆ ಹಾಕುವ ಪದ್ಧತಿಯಿದೆ. 1978ರ ಜೂನ್ 6ರಂದು ಅಲ್ಲಿ ‘ಪ್ರೊಪೊಸಿಷನ್ 13’ ಎಂಬುದು ಹೀಗೆಯೇ ಗೆದ್ದಿತು. ಆಸ್ತಿ ತೆರಿಗೆ ಬೆಲೆಯ ಶೇಕಡಾ 1ನ್ನು ಮೀರಕೂಡದು, ಆಸ್ತಿ ಮಾರಾಟವಾಗುವ ತನಕ ಆ ಬೆಲೆಯನ್ನು ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರಿಸಕೂಡದು ಎಂದಾಯಿತು. ಆ ತೆರಿಗೆಯ ವರಮಾನ ಅರ್ಧಕ್ಕಿಂತ ಕೆಳಗಿಳಿಯಿತು. ಗ್ರಂಥಾಲಯಗಳು ಬಾಗಿಲು ತೆರೆದಿಡುವ ಹೊತ್ತು ಕಡಿಮೆಯಾಯಿತು. ಬೇಸಗೆಯ ಶಾಲೆಗಳು ನಿಂತವು. ಊರಿನ ಶಾಲೆಗಳು ಖರ್ಚಿಗೆ ರಾಜಧಾನಿಯ ಕಡೆ ಕೈಚಾಚಬೇಕಾಯಿತು. ಒಂದೇ ಬೀದಿಯ, ಒಂದೇ ಬಗೆಯ ಎರಡು ಮನೆಗಳಲ್ಲಿ ಹಳಬನಿಗೊಂದು ತೆರಿಗೆ, ಹೊಸಬನಿಗೆ ಅದರ ಹಲವು ಪಟ್ಟು! ಮುದುಕರು ಮನೆ ಕಳೆದುಕೊಳ್ಳಬಾರದೆಂಬ ಒಳ್ಳೆಯ ಮಾತಿನಿಂದ ಹೊರಟ ಕೆಲಸದಿಂದ ದೊಡ್ಡ ಕಂಪನಿಗಳ ಆಸ್ತಿಗೂ ಭಾರಿ ಲಾಭವಾಯಿತು.

ಹಾಗಾದರೆ ಬಾಯಿ ಮುಚ್ಚಿಕೊಂಡು ಕಟ್ಟಬೇಕೆ? ಖಂಡಿತ ಬೇಡ. ಇದೇ ಕೇರಳದಲ್ಲಿ 2023ರ ಏಪ್ರಿಲ್‌ನಲ್ಲಿ ಕಟ್ಟಡ ಪರವಾನಗಿಯ ಶುಲ್ಕವನ್ನು ವಿಪರೀತ ಏರಿಸಿದಾಗ ಜನ ಸುಮ್ಮನಿರಲಿಲ್ಲ. 2024ರ ಆಗಸ್ಟ್‌ನಿಂದ ಅದನ್ನು ಇಳಿಸಲೇಬೇಕಾಯಿತು. ಅತಿಯಾದದ್ದನ್ನು ಇಳಿಸಿರೆಂದು ಕೇಳುವುದು ಬೇರೆ, ಬುಡಕ್ಕೇ ಕೊಡಲಿ ಹಾಕುವುದು ಬೇರೆ.

1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಬೇಕು. ನಮ್ಮ ಕನ್ನಡ ಮನೆಗಳವರು ಅಲ್ಲಿಗೆ ಹೋಗುವುದು ಕಡಿಮೆ. ಹೋದರೂ ಹಿಂದಿನ ಬೆಂಚಿನಲ್ಲಿ ಕುಳಿತು, ಸಹಿ ಹಾಕಿ ಎದ್ದು ಬರುತ್ತೇವೆ. ಮಲೆಯಾಳದಲ್ಲಿ ಲೆಕ್ಕ ಓದುವಾಗ ಅರ್ಥವಾಗದಿದ್ದರೆ ನಿಲ್ಲಿಸಿ ಕೇಳೋಣ. ಅಲ್ಲಿ ಮೂರು ಪ್ರಶ್ನೆಗಳು ಸಾಕು. ನಮ್ಮ ವಾರ್ಡಿನಿಂದ ಎಷ್ಟು ತೆರಿಗೆ ಬಂತು? ಎಷ್ಟು ಬಾಕಿಯಿದೆ, ಅದು ಯಾರ ಬಾಕಿ? ಬಂದ ಹಣ ಯಾವುದಕ್ಕೆ ಹೋಯಿತು? ದೊಡ್ಡವರ ಬಾಕಿ ವಸೂಲಾದರೆ ಚಿಕ್ಕವರ ಹೊರೆ ಇಳಿಸಿರೆಂದು ಕೇಳುವ ನಮ್ಮ ಮಾತಿಗೆ ಬಲ ಬರುತ್ತದೆ.

ಆದುದರಿಂದ ಶ್ರೋತೃಗಳೇ, ತೆರಿಗೆ ರದ್ದಾಗಲಿ ಎಂಬ ಕಾಗದ ನಿಮ್ಮ ಮನೆಗೂ ಬಂದರೆ, ನಾಳೆ ದೀಪ ಹಾಕುವವರು ಯಾರು, ನರ್ಸಿನ ಸಂಬಳ ಕೊಡುವವರು ಯಾರು ಎಂದು ತಂದವರನ್ನು ಮೊದಲು ಕೇಳಿ. ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ. ಇಷ್ಟನ್ನು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.