ಪನ್ವೇಲಿನಿಂದ ಊರಿಗೆ

ಠಾಣೆ, ಡೊಂಬಿವಲಿ, ನವಿ ಮುಂಬಯಿಯ ಕರಾವಳಿ ಕನ್ನಡಿಗರು ಕಾರಿನಲ್ಲಿ ಊರಿಗೆ ಹೊರಟರೆ ಪನ್ವೇಲೇ ಹೆಬ್ಬಾಗಿಲು. ಅಲ್ಲಿಂದ ಕನ್ಯಾಕುಮಾರಿಯವರೆಗೂ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಹಳಬರ ಬಾಯಲ್ಲಿ ಇನ್ನೂ 17. ಕಶೇಡಿ ಘಾಟಿಯ ತಿರುವುಗಳಲ್ಲಿ ಹಿಂದಿನ ಸೀಟಿನ ಮಕ್ಕಳ ಮೂಗಿಗೆ ಲಿಂಬೆಹಣ್ಣು ಹಿಡಿಯುತ್ತಿದ್ದ ಕಾಲವಿತ್ತು. ಈಗ ಸುರಂಗ ಬಂದಿದೆ, ನಿಮಿಷಗಳಲ್ಲಿ ಆಚೆ ಬದಿ. ಹೊತ್ತು ಉಳಿಯಿತು, ಸರಿ; ಕಣಿವೆ ಕಣ್ಣಿಗೆ ಬೀಳದೆ ಹೋಯಿತಲ್ಲ!

ಪುಣ್ಯಕ್ಕೆ ಚಿಪ್ಳೂಣದ ಪರಶುರಾಮ ಘಾಟಿ ಇನ್ನೂ ಇದೆ. ಕೆಳಗೆ ವಾಸಿಷ್ಠಿ ನದಿ, ಹಸಿರು ಗದ್ದೆ. ಒಂದೇ ಉಸಿರಿಗೆ ಉಡುಪಿ ಮುಟ್ಟಿದೆನೆಂಬ ಜಂಬ ನನಗೆ ಹಿಡಿಸದು. ರಾತ್ರಿ ಎಲ್ಲಾದರೂ ತಂಗಿ. ಮರವಂತೆಯನ್ನು ಹಗಲಲ್ಲೇ ದಾಟಿ. ಬಲಕ್ಕೆ ಅರಬ್ಬಿ ಕಡಲು, ಎಡಕ್ಕೆ ಸೌಪರ್ಣಿಕೆ, ನಡುವೆ ನಿಮ್ಮ ಗಾಡಿ.