ಕಣ್ಣಿನ ಕಾಯಿಲೆಗಳು: ಮನೆಯವರು ಅರಿಯಬೇಕಾದ ನಾಲ್ಕು ಮಾತು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರಾದ ನಮಗೆ ನೇತ್ರರೋಗಗಳ ವಿಚಾರ ಮಾತನಾಡುವ ಅಧಿಕಾರವೆಲ್ಲಿಯದೆಂದು ತಾವು ಕೇಳಬಹುದು. ನಾವು ವೈದ್ಯರಲ್ಲ. ನಾವು ಮಾಡಿದ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕೆಂದೇ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದನು. ಕಂಠಪಾಠದಲ್ಲಿ ಎಲ್ಲರಿಗಿಂತ ಮುಂದು. ಕರಿಹಲಗೆ ನೋಡಿ ಬರೆಯುವುದರಲ್ಲಿ ಎಲ್ಲರಿಗಿಂತ ಹಿಂದು. ಒತ್ತಕ್ಷರಗಳೆಲ್ಲ ತಪ್ಪು. 'ಅಜಾಗರೂಕ' ಎಂದು ಅವನ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆದೆವು. ಒಂದೊಂದು ಪದವನ್ನೂ ನೂರು ಸಲ ಬರೆಸಿದೆವು. ವರ್ಷದ ಕೊನೆಗೆ ನೇತ್ರಪರೀಕ್ಷೆಯಾದಾಗ ನಿಜ ತಿಳಿಯಿತು. ಅಕ್ಷರದ ಮೈ ಅವನಿಗೆ ಮಸುಕಾಗಿ ಕಾಣುತ್ತಿತ್ತು. ಅದರ ಕೆಳಗಿನ ಒತ್ತು ಕಾಣುತ್ತಲೇ ಇರಲಿಲ್ಲ. ಕನ್ನಡಕ ಬಂದ ಮೇಲೆ ಅವನ ಬರಹ ತಾನಾಗಿ ನೆಟ್ಟಗಾಯಿತು.

ಇದಕ್ಕೆ ಸಮೀಪದೃಷ್ಟಿದೋಷವೆಂದು ಹೆಸರು. ಸಾಮಾನ್ಯವಾಗಿ ಕಣ್ಣುಗುಡ್ಡೆ ತುಸು ಉದ್ದವಾಗಿ ಬೆಳೆಯುವುದರಿಂದ ದೂರದ ವಸ್ತುವಿನ ಬಿಂಬವು ಅಕ್ಷಿಪಟಲದ ಮುಂದೆಯೇ ಬೀಳುತ್ತದೆ. ಮಗು ಕಣ್ಣು ಕಿರಿದುಮಾಡಿ ನೋಡುವುದು, ಪುಸ್ತಕವನ್ನು ಮೂಗಿಗೆ ತಾಗಿಸಿಕೊಳ್ಳುವುದು, ಪದೇ ಪದೇ ತಲೆನೋವೆನ್ನುವುದು ಇದರ ಸೂಚನೆಗಳು. ಕನ್ನಡಕ ಹಾಕಿದರೆ ಕಣ್ಣು ಇನ್ನಷ್ಟು ಕೆಡುವುದೆಂಬುದು ಬರಿಯ ಭ್ರಮೆ. ಹೆಣ್ಣುಮಗಳಿಗೆ ಕನ್ನಡಕವಿದ್ದರೆ ಸಂಬಂಧ ಕೂಡಿಬಾರದೆಂಬ ಅಂಜಿಕೆಯಿಂದ ಅವಳ ಓದನ್ನೇ ಕೆಡಿಸುವ ಮನೆಗಳಿಗೆ ಏನೆನ್ನೋಣ! ಮಗುವಿಗೆ ಮೆಳ್ಳೆಗಣ್ಣಿದ್ದರೆ ಅದೃಷ್ಟವೆಂದು ಸುಮ್ಮನಿರಲೂಬಾರದು. ಎಳವೆಯಲ್ಲಿ ಚಿಕಿತ್ಸೆಯಾಗದಿದ್ದರೆ ಆ ಕಣ್ಣು ಕಾಣುವ ಕೆಲಸವನ್ನೇ ಕಲಿಯದೆ ಉಳಿಯಬಹುದು.

ನಲವತ್ತರ ಸುಮಾರಿಗೆ ಬರುವುದು ಚಾಳೀಸು. ಕಣ್ಣಿನ ಮಸೂರವು ಬಿರುಸಾಗಿ, ಹತ್ತಿರದ ಅಕ್ಷರ ಮಂಜಾಗುತ್ತದೆ. ಹಾಜರಿ ಪುಸ್ತಕವನ್ನು ಮಾರುದ್ದ ದೂರ ಹಿಡಿದು ಓದುವ ನಾವೇ ಇದಕ್ಕೆ ನಿದರ್ಶನ.

ಮುಪ್ಪಿನಲ್ಲಿ ಅದೇ ಮಸೂರ ಬೆಳ್ಳಗಾದರೆ ಅದು ಪೊರೆ. ನೋವಿಲ್ಲ, ದೀಪದ ಸುತ್ತ ಪ್ರಭೆ ಕಾಣುವುದು, ಬಣ್ಣಗಳು ಮಾಸುವುದು, ನೋಟ ಮಬ್ಬಾಗುವುದು ಇದರ ಲಕ್ಷಣ. ಇದಕ್ಕೆ ಮದ್ದು ಶಸ್ತ್ರಚಿಕಿತ್ಸೆಯೊಂದೇ. 1916ರಲ್ಲಿ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಅಸಂಖ್ಯ ಬಡವರ ಪೊರೆ ತೆಗೆದರು. 1968ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಅಂದು ಪೊರೆ ತೆಗೆದವರಿಗೆ ದಪ್ಪಗಾಜಿನ ಕನ್ನಡಕವೇ ಗತಿಯಾಗಿತ್ತು. ಇಂದು ಕೃತಕ ಮಸೂರವನ್ನು ಕಣ್ಣೊಳಗೇ ಕೂರಿಸುತ್ತಾರೆ.

ಗ್ಲಾಕೋಮಾ ಕಳ್ಳನಂತಹ ಬೇನೆ. ಹೆಚ್ಚಾಗಿ ಕಣ್ಣಿನ ಒಳಒತ್ತಡ ಏರಿ ದೃಷ್ಟಿನರ ನವೆಯುತ್ತದೆ. ನೋಟದ ಅಂಚು ಮೊದಲು ಅಳಿಯುವುದರಿಂದ ರೋಗಿಗೆ ಸುಳಿವೇ ಹತ್ತದು. ಹೋದ ದೃಷ್ಟಿ ಮರಳದು, ಉಳಿದುದನ್ನು ಕಾಯಬಹುದು. ಮನೆತನದಲ್ಲಿ ಈ ಬೇನೆಯಿದ್ದವರೂ ನಲವತ್ತು ದಾಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ತೋರಿಸಲೇಬೇಕು.

ನಮ್ಮದು ತೋಟದ ನಾಡು. ಹುಲ್ಲಿನ ಗರಿಯೋ ಅಡಕೆಯ ಸಿಪ್ಪೆಯೋ ಕಣ್ಣಿಗೆ ತಾಗಿದಾಗ ಎಣ್ಣೆ, ಎದೆಹಾಲು, ಸೊಪ್ಪಿನ ರಸ ಹಿಂಡುವುದುಂಟು. ಅಂಥ ಗಾಯದಲ್ಲಿ ಬೂಷ್ಟು ಬೆಳೆದು ಕಣ್ಣೇ ಹೋದೀತು. ಒಡನೆ ವೈದ್ಯರಲ್ಲಿಗೆ ಹೋಗಬೇಕು.

ಕೊನೆಗೊಂದು ಮಾತು. ನಮ್ಮ ಸೋದರತ್ತೆಯವರನ್ನು ಒಮ್ಮೆ ನೇತ್ರಪರೀಕ್ಷೆಗೆ ಕರೆದೊಯ್ದಿದ್ದರು. ಗೋಡೆಯ ಫಲಕದಲ್ಲಿ ಮಲಯಾಳ ಮತ್ತು ಇಂಗ್ಲಿಷ್ ಅಕ್ಷರಗಳು. ದಿನವೂ ಜೈಮಿನಿ ಭಾರತ ಓದುವ ಆ ಹಿರಿಯರು "ನನಗೆ ಓದಲು ಬಾರದು" ಎಂದು ತಲೆತಗ್ಗಿಸಿದರು. ಬೆರಳೆಣಿಸಿ ಅವಸರದಲ್ಲಿ ಪರೀಕ್ಷೆ ಮುಗಿಯಿತು. ಪೊರೆಯಿರುವುದು ತಿಳಿದುದು ಮರುವರ್ಷ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅತ್ತೆಯವರು ಕಲಿತ ಅಕ್ಷರ ಕನ್ನಡವಾಗಿಯೇ ಉಳಿಯಿತು.

ಇಂಥವರಿಗಾಗಿ ಬೇರೊಂದು ಫಲಕವಿದೆ. ಮೂರು ಹಲ್ಲಿನ ಬಾಚಣಿಗೆಯಂತಹ ಒಂದೇ ಗುರುತನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದಿರುತ್ತಾರೆ. ಹಲ್ಲು ಯಾವ ಕಡೆಗಿದೆಯೆಂದು ಕೈ ತೋರಿದರೆ ಸಾಕು. ಅದನ್ನು ಕೇಳಿ ಪಡೆಯಿರಿ. ಹಿರಿಯರನ್ನು ಒಂಟಿಯಾಗಿ ಕಳುಹಿಸಬೇಡಿ. ನಮ್ಮ ಪ್ರತಿಯೊಂದು ಕನ್ನಡ ಶಾಲೆಯ ಗೋಡೆಯಲ್ಲೂ ಕನ್ನಡಾಕ್ಷರದ ನೇತ್ರಫಲಕ ತೂಗುವಂತೆ, ವರ್ಷಕ್ಕೊಮ್ಮೆ ಮಕ್ಕಳ ಕಣ್ಣುಪರೀಕ್ಷೆ ನಡೆಯುವಂತೆ ಸಂಘವು ಯತ್ನಿಸಲೆಂದು ಬೇಡುತ್ತೇವೆ. ಭಾಷೆಯನ್ನು ಉಳಿಸಬೇಕೆನ್ನುವ ನಾವು, ಅದನ್ನು ಓದಬೇಕಾದ ಕಣ್ಣುಗಳನ್ನು ಮರೆಯಬಾರದು.