ರಕ್ತಕೊರತೆಯ ಹೃದ್ರೋಗ: ಕಾರಣ, ಪತ್ತೆ ಮತ್ತು ಚಿಕಿತ್ಸೆ
(ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಆಶಾ ಕಾರ್ಯಕರ್ತೆಯರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಡುರಾತ್ರಿ ಎದೆ ಹಿಂಡಿದಂತಾದವರಿಗೆ ‘ಗ್ಯಾಸ್ಟ್ರಿಕ್’ ಎಂದು ಜೀರಿಗೆ ಕಷಾಯ ಕುಡಿಸಿ, ಬೆಳಗಾಗಲೆಂದು ಕಾಯುವುದು ಹಳ್ಳಿಗಳಲ್ಲಿ ಅಪರೂಪವಲ್ಲ. ಹಾಗೆ ಕಾದ ಪ್ರತಿ ಗಂಟೆಯಲ್ಲೂ ಹೃದಯದ ಸ್ನಾಯುವಿನ ಒಂದಷ್ಟು ಭಾಗ ಶಾಶ್ವತವಾಗಿ ನಾಶವಾಗುತ್ತಿರಬಹುದು. ಈ ವಿಳಂಬವನ್ನು ತಪ್ಪಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ದೇಹಕ್ಕೆಲ್ಲ ರಕ್ತ ಹರಿಸುವ ಹೃದಯವು ತನಗೆ ಬೇಕಾದ ಆಮ್ಲಜನಕವನ್ನು ಪರಿಧಮನಿಗಳೆಂಬ ಕಿರಿದಾದ ರಕ್ತನಾಳಗಳ ಮೂಲಕ ಪಡೆಯುತ್ತದೆ. ಈ ನಾಳಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು ಶೇಖರಗೊಂಡು ದಾರಿ ಕಿರಿದಾಗುತ್ತದೆ. ಆಗ ದಿಣ್ಣೆ ಹತ್ತುವಾಗ, ಹೊರೆ ಹೊತ್ತಾಗ ಎದೆ ಬಿಗಿದು, ಕುಳಿತು ದಣಿವಾರಿಸಿಕೊಂಡರೆ ಶಮನವಾಗುತ್ತದೆ, ಇದು ಆಂಜೈನಾ. ಕೊಬ್ಬಿನ ಪದರವು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ಹೃದಯಾಘಾತವಾಗುತ್ತದೆ. ಬೀಡಿ, ಸಿಗರೇಟು, ಗುಟ್ಕಾ, ಅಧಿಕ ರಕ್ತದೊತ್ತಡ, ಮಧುಮೇಹ, ಅಧಿಕ ಕೊಲೆಸ್ಟ್ರಾಲ್, ಬೊಜ್ಜು ಹಾಗೂ ವಂಶಪಾರಂಪರ್ಯ ಇದರ ಮುಖ್ಯ ಕಾರಣಗಳು.

ನೋವು ಎಡಗೈ, ದವಡೆ, ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದು. ತಣ್ಣನೆಯ ಬೆವರು, ವಾಂತಿ ಜೊತೆಗೂಡಬಹುದು. ಮಹಿಳೆಯರು, ವೃದ್ಧರು ಮತ್ತು ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಕೇವಲ ಉಬ್ಬಸ ಅಥವಾ ವಿಪರೀತ ಸುಸ್ತು ಕಾಣಿಸಬಹುದು. ಮನೆಯಲ್ಲಿ ಕುಳಿತು ಇದನ್ನು ಗ್ಯಾಸ್ಟ್ರಿಕ್‌ನಿಂದ ಬೇರ್ಪಡಿಸಲು ಸಾಧ್ಯವಿಲ್ಲ. ರೋಗಿಯು ಆಸ್ಪತ್ರೆ ತಲುಪಿದ 10 ನಿಮಿಷಗಳೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಕೀಯ ನಿಯಮ. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. ಅದನ್ನು ಪುನರಾವರ್ತಿಸಿ, ರಕ್ತದಲ್ಲಿ ಟ್ರೋಪೋನಿನ್ ಪರೀಕ್ಷೆ ಮಾಡಲಾಗುತ್ತದೆ. ನಾಳದಲ್ಲಿ ತಡೆ ಎಲ್ಲಿದೆಯೆಂದು ಆಂಜಿಯೋಗ್ರಾಂ ತೋರಿಸುತ್ತದೆ.

ನಾಳವು ಪೂರ್ಣವಾಗಿ ಮುಚ್ಚಿದಾಗ ಅದನ್ನು ಬೇಗನೆ ತೆರೆಯುವುದೇ ಚಿಕಿತ್ಸೆ. ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಅಳವಡಿಸುವುದು ಉತ್ತಮ ಮಾರ್ಗ. ಆ ಸೌಲಭ್ಯ ದೂರವಿದ್ದಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ನೀಡಿ, ಅನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ನೋವು ಆರಂಭವಾದ 12 ಗಂಟೆಗಳೊಳಗೆ ಈ ಮದ್ದು ನೀಡಬೇಕು. ಮೊದಲ 2–3 ಗಂಟೆಗಳಲ್ಲಿ ಅದರ ಫಲ ಅತ್ಯಧಿಕ. ರಕ್ತಸ್ರಾವದ ಅಪಾಯವಿರುವವರಿಗೆ ಇದು ಸಲ್ಲದು, ನಿರ್ಧಾರ ವೈದ್ಯರದು. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಆಯ್ದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಈ ದುಬಾರಿ ಚುಚ್ಚುಮದ್ದು ಉಚಿತವಾಗಿ ದೊರೆಯುತ್ತದೆ. ಇಸಿಜಿಯನ್ನು ದೂರದಲ್ಲಿರುವ ತಜ್ಞರು ನೋಡಿ ಸಲಹೆ ನೀಡುತ್ತಾರೆ. ಆದರೆ ಮದ್ದು ಆಸ್ಪತ್ರೆಯಲ್ಲಿದ್ದು, ರೋಗಿ ಮನೆಯಲ್ಲೇ ಉಳಿದರೆ ಯೋಜನೆಯಿಂದ ಪ್ರಯೋಜನವಿಲ್ಲ.

ಸ್ಟೆಂಟ್ ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರವೂ ರೋಗವು ಬೇರುಸಹಿತ ಹೋಗುವುದಿಲ್ಲ. ‘ಈಗ ಗುಣವಾಯಿತು’ ಎಂದು ರೋಗಿಯು ಸ್ವತಃ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್‌ನಲ್ಲಿಯೇ ಹೆಪ್ಪುಗಟ್ಟಬಹುದು.

ಆದುದರಿಂದ ಪ್ರತಿ ಗ್ರಾಮ ಪಂಚಾಯಿತಿಯು ಮೂರು ಕಾರ್ಯಗಳನ್ನು ಕೈಗೊಳ್ಳುವುದು ಅಗತ್ಯ. ಇಸಿಜಿ ಹಾಗೂ ಚುಚ್ಚುಮದ್ದು ಲಭ್ಯವಿರುವ ಸಮೀಪದ ಆಸ್ಪತ್ರೆಯ ಹೆಸರನ್ನು, 108 ಸಂಖ್ಯೆಯೊಂದಿಗೆ, ಸೂಚನಾ ಫಲಕದಲ್ಲಿ ಬರೆಸುವುದು. ಆಂಬುಲೆನ್ಸ್ ತಡವಾದರೆ ರಾತ್ರಿ ವೇಳೆ ಬರಬಲ್ಲ ವಾಹನವನ್ನು ಮೊದಲೇ ಗೊತ್ತುಪಡಿಸುವುದು. 30 ವರ್ಷ ಮೀರಿದವರೆಲ್ಲರೂ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುವಂತೆ ಗ್ರಾಮಸಭೆಯಲ್ಲಿ ತಿಳಿಸುವುದು.

ಗ್ಯಾಸ್ಟ್ರಿಕ್ ಎಂದು ತಿಳಿದು ಆಸ್ಪತ್ರೆಗೆ ಹೋದವರಿಗೆ ನಷ್ಟವಾಗುವುದು ಒಂದು ರಾತ್ರಿಯ ನಿದ್ದೆ ಮಾತ್ರ. ಹೃದಯಾಘಾತವನ್ನು ಗ್ಯಾಸ್ಟ್ರಿಕ್ ಎಂದು ತಿಳಿದು ಮನೆಯಲ್ಲುಳಿದವರಿಗೆ ಆಗುವ ನಷ್ಟವನ್ನು ತುಂಬಿಕೊಡಲಾಗದು.